‘ಬೇಡ’ ಎಂಬ ಮಾತಿನ ಬೆಲೆ

ಮಕ್ತಲ್‌ನಲ್ಲಿರುವ ನನ್ನ ಅಕ್ಕನ ಮಗನಿಗೆ ಹನ್ನೊಂದನೆಯ ವಯಸ್ಸಿನಿಂದ ಟೈಪ್ ಒನ್ ಮಧುಮೇಹ. ಇನ್ಸುಲಿನ್ ಚುಚ್ಚಿಕೊಳ್ಳದೆ ಅವನಿಗೆ ಬದುಕಿಲ್ಲ. ಒಂದು ರಾತ್ರಿ ರಕ್ತದ ಸಕ್ಕರೆ ಇಳಿದು ಮೈಯೆಲ್ಲ ಬೆವೆತಿತ್ತು. ಸಕ್ಕರೆ ನೀರು ಹಿಡಿದ ತಾಯಿಯ ಕೈಯನ್ನು ತಳ್ಳಿ “ಬ್ಯಾಡ, ಬ್ಯಾಡ” ಎಂದ. ಅಕ್ಕ ಆ ಮಾತು ಕೇಳಲಿಲ್ಲ, ಗದರಿಸಿ ಕುಡಿಸಿದಳು. ಹುಡುಗ ಚೇತರಿಸಿಕೊಂಡ.

ಈಗ ಅವನಿಗೆ ಇಪ್ಪತ್ತೆರಡು. ಮೊನ್ನೆ ಕೇಳಿದ: “ಮಾಮಾ, ಸಕ್ರಿ ಬೇಕಂತಲೇ ಇಳಿಸಿ ಪರೀಕ್ಷಾ ಮಾಡ್ತಾರಂತ. ಅದಕ್ಕ ನನ್ನಂಥವರು ಒಪ್ಪಬಹುದೇನು?”

ಅಂಥ ಸಂಶೋಧನೆ ಇರುವುದು ನಿಜ. ಒಂದು ರಕ್ತನಾಳಕ್ಕೆ ಇನ್ಸುಲಿನ್, ಜೊತೆಗೆ ಗ್ಲೂಕೋಸ್ ಹರಿಸುತ್ತಾ, ಕೆಲವು ನಿಮಿಷಗಳಿಗೊಮ್ಮೆ ರಕ್ತ ಪರೀಕ್ಷಿಸಿ, ಸಕ್ಕರೆಯನ್ನು ಗೊತ್ತಾದ ಮಟ್ಟಕ್ಕೆ ಇಳಿಸಿ ನಿಲ್ಲಿಸುತ್ತಾರೆ. ನೂರು ಮಿಲಿಲೀಟರ್ ರಕ್ತದಲ್ಲಿ ಅದು 54 ಮಿಲಿಗ್ರಾಂಗಿಂತ ಕೆಳಗಿಳಿದರೆ ಮಿದುಳಿನ ಕೆಲಸ ಮಂಕಾಗತೊಡಗುತ್ತದೆ. ಇದು ಬರಿಯ ಕುತೂಹಲದ ಆಟವಲ್ಲ. ಅಮೆರಿಕ, ಕೆನಡಾಗಳಲ್ಲಿ 1441 ಜನರ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನವು, ಸಕ್ಕರೆಯನ್ನು ಬಿಗಿಯಾಗಿ ಹಿಡಿದರೆ ಕಣ್ಣು, ಮೂತ್ರಪಿಂಡಗಳು ಉಳಿಯುತ್ತವೆ, ಆದರೆ ಸಕ್ಕರೆ ತೀವ್ರವಾಗಿ ಕುಸಿಯುವ ಅಪಾಯ ಸುಮಾರು ಮೂರು ಪಟ್ಟಾಗುತ್ತದೆ ಎಂದು ತೋರಿಸಿತು. ಮತ್ತೆ ಮತ್ತೆ ಕುಸಿದವರಿಗೆ ಬೆವರು, ನಡುಕಗಳ ಮುನ್ಸೂಚನೆಯೇ ಅಳಿಯುತ್ತದೆ. ಕೆಲವು ವಾರ ಕುಸಿಯದಂತೆ ನೋಡಿಕೊಂಡರೆ ಅದು ಬಹುಮಟ್ಟಿಗೆ ಮರಳುತ್ತದೆ. ಈ ತಿಳಿವಳಿಕೆ ದಕ್ಕಿದ್ದು ಹಾಗೆ ಮಲಗಲು ಒಪ್ಪಿದವರಿಂದಲೇ.

ಆದರೂ ಒಂದು ತೊಡಕು ಉಳಿಯುತ್ತದೆ. ನಮ್ಮ ದೇಶದ 2019ರ ನಿಯಮಗಳ ಪ್ರಕಾರ ಔಷಧ ಪ್ರಯೋಗಕ್ಕೆ ಒಪ್ಪಿಗೆಯನ್ನು ವ್ಯಕ್ತಿಗೆ ತಿಳಿಯುವ ಭಾಷೆಯಲ್ಲಿ ಪಡೆಯಬೇಕು. ಅವನು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಆದರೆ ಇಲ್ಲಿ ಯಾವ ಬುದ್ಧಿಯಿಂದ ‘ಬೇಡ’ ಎನ್ನಬೇಕೋ ಆ ಬುದ್ಧಿಯನ್ನೇ ಪ್ರಯೋಗ ಮಸುಕು ಮಾಡುತ್ತದೆ. ಹಾಗಾದರೆ ಆ ‘ಬೇಡ’ವನ್ನು ರೋಗದ ತೊದಲು ಎಂದು ತಳ್ಳಿಹಾಕಬಹುದೆ?

ಅಕ್ಕ ತಳ್ಳಿಹಾಕಿದಳು, ಸರಿಯೇ. ಅವಳ ಕೈಯಲ್ಲಿದ್ದದ್ದು ಅವನ ಜೀವ. ಸಂಶೋಧಕನ ಕೈಯಲ್ಲಿರುವುದು ಮುಂದೆಂದೋ ಬೇರೆಯವರಿಗೆ ಆಗಬಹುದಾದ ಹಿತ. ಅದಕ್ಕಾಗಿ ಮಲಗಿದವನ ಅರೆಬರೆ ‘ಬೇಡ’ವೂ ಪೂರ್ತಿ ‘ಬೇಡ’ವೇ. ಅವನು ಪ್ರಯೋಗ ಬೇಡವೆನ್ನಲಿ, ಗ್ಲೂಕೋಸೇ ಬೇಡವೆನ್ನಲಿ, ಉತ್ತರ ಒಂದೇ: ಮೊದಲು ಸಕ್ಕರೆ ಏರಿಸಿ, ಅವನ ಬುದ್ಧಿಯನ್ನು ಅವನಿಗೆ ಮರಳಿಸಿ, ಬಳಿಕ ಕೇಳಬೇಕು.

ನನ್ನ ಅಳಿಯ ಓದಿದ್ದು ತೆಲುಗಿನಲ್ಲಿ. ಒಪ್ಪಿಗೆ ಪತ್ರವನ್ನು ತೆಲುಗಿನಲ್ಲೇ ಸರಾಗವಾಗಿ ಓದಿಯಾನು. ಆದರೆ ಆ ರಾತ್ರಿ ಅವನ ಬಾಯಿಗೆ ಬಂದದ್ದು ಕನ್ನಡ. ನಾರಾಯಣಪೇಟೆಯ ಕನ್ನಡ ಮನೆಗಳಿಗೂ ಕಾಸರಗೋಡಿನ ಓದುಗರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಹಿಗೆ ಒಂದು ಭಾಷೆ ಸಾಕು. ಸಂಕಟಕ್ಕೆ ಇನ್ನೊಂದು ಬೇಕಾಗುತ್ತದೆ.

“ಒಪ್ಪಬಹುದಪ್ಪಾ,” ಎಂದೆ. “ಆದರ ನೀ ‘ಬ್ಯಾಡ’ ಅಂದ್ರ ತಿಳಿಯೋರು ಮಂಚದ ಹತ್ರ ಯಾರ ಇರ್ತಾರ, ಅದನ್ನ ಮೊದಲು ಕೇಳು.”