ತುಂಬು ಬಸುರಿಯ ಮಾತು



ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯ ಮನೆಗಳಲ್ಲಿ ಕುಬಸ ನಡೆಯುವುದನ್ನು ಕಂಡವರಿಗೆ ಅದರ ಸೊಬಗು ಗೊತ್ತು. ಹಸಿರು ಸೀರೆ, ಹಸಿರು ಬಳೆ, ಬಯಕೆಯ ಊಟ, ಚೊಚ್ಚಲ ಬಸುರಿಯನ್ನು ತವರಿಗೆ ಕರೆದೊಯ್ಯಲು ಬಂದ ತಾಯಿತಂದೆ. ಆ ದಿನ ಎಲ್ಲರೂ ಅವಳನ್ನು ನೋಡುತ್ತಾರೆ, ಎಲ್ಲರೂ ಅವಳಿಗೆ ಬುದ್ಧಿ ಹೇಳುತ್ತಾರೆ. ಅವಳು ಹೇಳುವುದನ್ನು ಕೇಳುವವರು ಎಷ್ಟು ಮಂದಿ? ಈ ಪ್ರಶ್ನೆ ನನ್ನನ್ನು ಬಹುಕಾಲದಿಂದ ಕಾಡುತ್ತಿದೆ.

ಹಲವು ವರ್ಷಗಳ ಹಿಂದೆ ರಾಯಬಾಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸಂಜೆಯ ಪ್ರಾರ್ಥನೆ ಮುಗಿಸಿ ಹೊರಟಿದ್ದೆ. ದಿನ ಸಮೀಪಿಸಿದ್ದ ಸೊಸೆಯೊಬ್ಬಳು ಬಾಗಿಲ ಮರೆಯಲ್ಲಿ ನಿಂತು, "ಮುಂಜಾನಿಂದ ಕೂಸು ಮಿಸುಕಾಡಿಲ್ರಿ ಫಾದರ್" ಎಂದಳು. ನಾನು ಉತ್ತರಿಸುವ ಮೊದಲೇ ಅವಳ ಅತ್ತೆ, "ದಿನಾ ತುಂಬಿದ ಮ್ಯಾಲ ಕೂಸು ಸುಮ್ಮನ ಇರತೈತಿ, ಚಿಂತಿ ಮಾಡಬ್ಯಾಡ" ಎಂದರು. ನಾನೂ ತಲೆಯಾಡಿಸಿದೆ, ಅವಳನ್ನು ಆಶೀರ್ವದಿಸಿ ಬಂದುಬಿಟ್ಟೆ. ಜೀಪು ಅಂಗಳದಲ್ಲೇ ನಿಂತಿತ್ತು. ಮರುದಿನ ಮಧ್ಯಾಹ್ನ ಆಸ್ಪತ್ರೆಗೆ ಹೋದಾಗ ಮಗುವಿನ ಎದೆಬಡಿತ ನಿಂತುಹೋಗಿತ್ತು. ಹಿಂದಿನ ಸಂಜೆಯೇ ಹೋಗಿದ್ದರೆ ಉಳಿಯುತ್ತಿತ್ತೋ ಏನೋ, ವೈದ್ಯರೂ ಹೇಳಲಾರದಾದರು. ಕೇಳಬೇಕಾಗಿದ್ದ ಮಾತೊಂದನ್ನು ನಾನು ಆಶೀರ್ವಾದದಿಂದ ಮುಚ್ಚಿಬಿಟ್ಟೆ ಎಂಬುದಂತೂ ನಿಜ.

ದಿನ ತುಂಬಿದ ಮೇಲೆ ಕೂಸು ಸುಮ್ಮನಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಜಾಗ ಕಿರಿದಾಗಿ ಒದೆತದ ರೀತಿ ಬದಲಾಗಬಹುದು, ಆದರೆ ಮಿಸುಕಾಟ ಹೆರಿಗೆಯವರೆಗೂ ಇರಬೇಕು. ಅದು ಕಡಿಮೆಯಾಯಿತೆಂದು ತಾಯಿಗೆ ಅನಿಸಿದರೆ ಬೆಳಗಾಗಲೆಂದು ಕಾಯಬಾರದು. ರಕ್ತಸ್ರಾವ, ನೀರು ಒಡೆಯುವುದು, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ-ಕೈಗಳ ಬಾವು ಕಂಡರೂ ತಡಮಾಡಬಾರದು. 108ಕ್ಕೆ ಕರೆ ಮಾಡಬೇಕು. ಕೂಸು ಕೆಳಗಿಳಿದು ಉಸಿರಾಟ ಹಗುರಾಗುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವುದು, ನಿದ್ದೆ ಕೆಡುವುದು ಸಹಜ. ಸುಳ್ಳು ನೋವು ವಿಶ್ರಾಂತಿಯಿಂದ ತಗ್ಗುತ್ತದೆ; ನಿಜವಾದ ನೋವು ಹತ್ತಿರ ಹತ್ತಿರವಾಗಿ, ಬಲವಾಗುತ್ತಾ ಬರುತ್ತದೆ. ವೈದ್ಯರು ಬರೆದುಕೊಟ್ಟ ದಿನಾಂಕದಂದೇ ಹುಟ್ಟುವ ಮಕ್ಕಳು ಸುಮಾರು 20ಕ್ಕೆ ಒಂದು ಮಾತ್ರ. (ವೈದ್ಯಕೀಯ ಕಾರಣವಿಲ್ಲದೆ, ತಮಗೆ ಅನುಕೂಲದ ದಿನ ನೋಡಿ 39 ವಾರಕ್ಕೆ ಮೊದಲೇ ಶಸ್ತ್ರಕ್ರಿಯೆ ಕೇಳುವವರು ಮಗುವಿನ ಶ್ವಾಸಕೋಶ ಬಲಿಯುವ ಕಾಲವನ್ನು ಕಸಿಯುತ್ತಿದ್ದಾರೆ.)

ಒಡಲೊಳಗಿನ ಸುದ್ದಿಗೆ ಅವಳೊಬ್ಬಳೇ ಸಾಕ್ಷಿ. ನಮ್ಮದೆಲ್ಲ ಊಹೆ. ಆದರೂ ಊಹೆಗೆ ಮನ್ನಣೆ, ಸಾಕ್ಷಿಗೆ ಸಮಾಧಾನದ ಮಾತು. ಏಕೆ? ಅವಳನ್ನು ನಂಬಿದರೆ ಎದ್ದು ನಡೆಯಬೇಕಾಗುತ್ತದೆ: ಗಾಡಿ ಹುಡುಕಬೇಕು, ಹಣ ಹೊಂದಿಸಬೇಕು, ರಾತ್ರಿಯ ನಿದ್ದೆ ಬಿಡಬೇಕು. ನಂಬದಿರುವುದು ನಮಗೆ ಸುಲಭ. ಸಂತ ಲೂಕರ ಶುಭಸಂದೇಶದಲ್ಲಿ ಮರಿಯಮ್ಮನವರು ಎಲಿಜಬೇತಮ್ಮನ ಮನೆಗೆ ಬಂದಾಗ, ಆರು ತಿಂಗಳ ಆ ಬಸುರಿ ತನ್ನ ಒಡಲಲ್ಲಿ ಮಗು ನಲಿದಾಡಿತೆಂದು ತಾನೇ ಹೇಳುತ್ತಾಳೆ. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಮರಿಯಮ್ಮನವರು ಸುಮಾರು ಮೂರು ತಿಂಗಳು ಅಲ್ಲಿಯೇ ಉಳಿಯುತ್ತಾರೆ.

ತವರೂ ಇಲ್ಲದ, ಮನೆಯೂ ಹತ್ತಿರವಿಲ್ಲದ ಬಸುರಿಯರು ನಮ್ಮ ನಡುವೆಯೇ ಇದ್ದಾರೆ. ಕಬ್ಬಿನ ಹಂಗಾಮು ಬಂತೆಂದರೆ ಅಥಣಿ, ಕಾಗವಾಡ ಭಾಗದ ಹೊಲಗಳಲ್ಲಿ ಟೋಳಿಗಳ ಗುಡಿಸಲು ಏಳುತ್ತವೆ. ಗಂಡಹೆಂಡಿರನ್ನು ಸೇರಿಸಿ ಒಂದು 'ಕೊಯ್ತಾ' ಎಂದು ಲೆಕ್ಕ ಹಿಡಿಯುವುದು ರೂಢಿ. ಮುಂಗಡ ಮೊದಲೇ ಕೈಸೇರಿರುತ್ತದೆ, ಕೂಲಿ ಟನ್ನಿನ ಲೆಕ್ಕದಲ್ಲಿ. ಎಂಟು ತಿಂಗಳ ಬಸುರಿ ಕಬ್ಬಿನ ಹೊರೆ ಇಳಿಸಿ ಕುಳಿತರೆ ಗಂಡನ ಕೈಯೂ ಅರ್ಧವಾಗುತ್ತದೆ, ಸಾಲ ಮಾತ್ರ ಪೂರ್ತಿ ಉಳಿಯುತ್ತದೆ. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 26 ವಾರಗಳಿಗೆ ಏರಿಸಿತು, ಅದರಲ್ಲಿ 8 ವಾರಗಳನ್ನು ಹೆರಿಗೆಗೆ ಮೊದಲೇ ಪಡೆಯಬಹುದೆಂದಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ನಿಪ್ಪಾಣಿಯಂಥ ಊರಿನಲ್ಲಿ ಮನೆಯಲ್ಲೇ ಕುಳಿತು ಬೀಡಿ ಕಟ್ಟುವ ಹೆಂಗಸರಿಗೆ ಕೂಡ 1966ರ ಬೀಡಿ ಕಾರ್ಮಿಕರ ಕಾಯ್ದೆ ಹೆರಿಗೆ ಸೌಲಭ್ಯವನ್ನು ಚಾಚಿತ್ತು. ಕಬ್ಬಿನ ಹೊಲದವಳಿಗೆ ಸಂಬಳದ ರಜೆಯೆಂಬುದು ಕೇಳದ ಮಾತು. ಆ ಹೊಲಗಳ ಒಡೆಯರಲ್ಲಿ ಪ್ರತಿ ಭಾನುವಾರ ಪೂಜೆಗೆ ಬರುವವರೂ ಇರಬಹುದು. ನಾವು ತಿನ್ನುವ ಸಕ್ಕರೆಯಂತೂ ಅಲ್ಲಿಯದೇ.

ಇನ್ನೊಂದು ಮಾತು. 2019ರಲ್ಲಿಯೂ 2021ರಲ್ಲಿಯೂ ಕೃಷ್ಣೆ, ದೂಧಗಂಗೆ, ವೇದಗಂಗೆ ಉಕ್ಕಿ ಸೇತುವೆಗಳು ಮುಳುಗಿದ್ದನ್ನು ಮರೆತಿಲ್ಲ. ಜುಲೈ, ಆಗಸ್ಟ್‌ನಲ್ಲಿ ದಿನ ತುಂಬುವವಳಿದ್ದರೆ ನೀರು ಏರುವ ಮೊದಲೇ ಅವಳನ್ನು ಆಸ್ಪತ್ರೆಯಿರುವ ದಡಕ್ಕೆ ಸಾಗಿಸಿರಿ. ತಾಯಿ ಕಾರ್ಡನ್ನು ಚೀಲದಲ್ಲಿ ಮೊದಲು ಇಡಿರಿ.

ಈಗ ಮನೆ ಭೇಟಿಗೆ ಹೋದಾಗ ತುಂಬು ಬಸುರಿ ಕಂಡರೆ ನಾನು ಆಶೀರ್ವಾದಕ್ಕೆ ಮೊದಲು, "ಕೂಸು ಮಿಸುಕಾಡತೈತೇನವ್ವಾ?" ಎಂದು ಕೇಳುತ್ತೇನೆ. ಅತ್ತೆಯಂದಿರು ನಗುತ್ತಾರೆ, ಫಾದರಿಗೆ ಇದೆಲ್ಲ ಏಕೆಂದು. ಉತ್ತರ ಅವಳ ಬಾಯಿಂದಲೇ ಬರುವವರೆಗೆ ನಾನು ಕಾಯುತ್ತೇನೆ. ತಡವಾದರೆ, ಜೀಪಿನ ಕೀಲಿ ಜೇಬಿನಲ್ಲಿದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತೇನೆ.