ತಲೆಗೂದಲೂ ಜೀವಿತದ ಮಾರ್ಪಾಟೂ

ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯ ಸಭೆಯಲ್ಲಿ ನಡೆದ ಸಣ್ಣ ಸಂಗತಿಯನ್ನು ಪ್ರಿಯ ವಾಚಕರಿಗೆ ತಿಳಿಸಿ, ಅದರಿಂದ ನಮ್ಮಲ್ಲಿ ಹುಟ್ಟಿದ ವಿಚಾರವನ್ನು ಅವರ ಮುಂದಿಡಬೇಕೆಂದಿದ್ದೇವೆ. ಆ ಸಭೆಯ ಯೌವನಸ್ಥಳೊಬ್ಬಳು ತಾಯಿಯನ್ನು ಕಳಕೊಂಡು ಎರಡು ತಿಂಗಳು ಮನೆಯಲ್ಲಿಯೇ ಇದ್ದು, ಒಂದು ಭಾನುವಾರ ಆರಾಧನೆಗೆ ಬಂದು ಹೆಂಗಸರ ಸಾಲಿನ ಕೊನೆಯಲ್ಲಿ ಕುಳಿತಳು. ಸೊಂಟದ ವರೆಗೆ ಇಳಿಯುತ್ತಿದ್ದ ಅವಳ ಜಡೆ ಇಲ್ಲವಾಗಿತ್ತು. ಕಿವಿಯ ಕೆಳಗೆ ಮೊಟಕಾಗಿ ಕೂದಲನ್ನು ಕತ್ತರಿಸಿಕೊಂಡಿದ್ದಳು. ಆರಾಧನೆ ಮುಗಿದ ಮೇಲೆ ಬಾಗಲ ಬಳಿಯಲ್ಲಿ ಪಿಸುಮಾತು ಹುಟ್ಟಿತು. ತಾಯಿ ಹೋದ ಮೇಲೆ ಕೇಳುವವರಿಲ್ಲವೆಂದು ಒಬ್ಬರು, ಪಟ್ಟಣದ ಗಾಳಿ ಬಡಿಯಿತೆಂದು ಇನ್ನೊಬ್ಬರು ಹೇಳಿದರು. ಆ ದಿನ ಪ್ರಸಂಗಕ್ಕಾಗಿ ಹೋಗಿದ್ದ ನಾವು ಆ ಮಾತುಗಳನ್ನು ನಿಲ್ಲಿಸುವದಕ್ಕೆ ಬದಲಾಗಿ, ಕೊರಿಂಥದವರಿಗೆ ಪೌಲನು ಸ್ತ್ರೀಯರ ಕೂದಲಿನ ವಿಷಯವಾಗಿ ಬರೆದದ್ದನ್ನು ಜ್ಞಾಪಕಪಡಿಸಿದೆವು. ಅವಳು ನಮ್ಮಿಂದ ನಾಲ್ಕು ಮೊಳ ದೂರದಲ್ಲಿ ನಿಂತಿದ್ದಳೆಂಬದನ್ನು ನಾವು ನೋಡಲಿಲ್ಲ. ಅನಂತರದ ಭಾನುವಾರ ಅವಳು ಬರಲಿಲ್ಲ, ಅದರ ಮುಂದಿನ ಭಾನುವಾರವೂ ಬರಲಿಲ್ಲ. ಅವಳು ಯಾಕೆ ಹಾಗೆ ಮಾಡಿದಳೆಂಬದನ್ನು ಕೊನೆಯಲ್ಲಿ ಹೇಳುವೆವು. ಅದಕ್ಕೆ ಮುಂಚೆ, ಮನುಷ್ಯರು ತಮ್ಮ ಜೀವಿತದ ತಿರುವುಗಳನ್ನು ತಲೆಯ ಮೇಲೆ ಗುರುತಿಸಿಕೊಳ್ಳುವದು ಯಾಕೆ, ಆ ಗುರುತಿಗೆ ಎಷ್ಟು ಬೆಲೆ ಉಂಟು ಎಂಬದನ್ನು ವಿಚಾರಿಸೋಣ.

ಈ ಕೆಲಸಕ್ಕೆ ಎಲ್ಲಾ ದೇಶದವರೂ ಕೂದಲನ್ನೇ ಆರಿಸಿಕೊಂಡದ್ದು ಆಶ್ಚರ್ಯವಲ್ಲ. ಕೂದಲು ನಮ್ಮ ಶರೀರದಿಂದಲೇ ಹುಟ್ಟಿದ್ದು. ಆದರೂ ಕತ್ತರಿಸಿದರೆ ನೋವಿಲ್ಲ, ರಕ್ತ ಸುರಿಯುವದಿಲ್ಲ. ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ತೆಗೆದರೆ ತಿರಿಗಿ ಬೆಳೆಯುತ್ತದೆ. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಹಾಗಾದರೆ 60 ಸೆಂಟಿಮೀಟರು ಉದ್ದವಾದ ಜಡೆಯ ತುದಿಯು ಐದು ವರುಷಗಳ ಹಿಂದೆ ಹುಟ್ಟಿದ್ದು. ಅದನ್ನು ಕತ್ತರಿಸುವವಳು ಐದು ವರುಷಗಳ ಕಾಲವನ್ನೇ ಕೈಯಲ್ಲಿ ಹಿಡಿದಿರುತ್ತಾಳೆ. ಕಳೆದ ಕಾಲದಿಂದ ಅಗಲಬೇಕೆನ್ನುವವನಿಗೆ ಇದಕ್ಕಿಂತ ತಕ್ಕ ಗುರುತು ಶರೀರದಲ್ಲಿ ಬೇರೆಲ್ಲಿ ಸಿಕ್ಕೀತು?

ನಮ್ಮ ನೆರೆಹೊರೆಯವರಲ್ಲಿ ಇದು ಹುಟ್ಟಿನಿಂದ ಸಾವಿನ ವರೆಗೂ ಕಾಣುತ್ತದೆ. ಕೂಸಿನ ಜವಳ ತೆಗೆಯುತ್ತಾರೆ. ತಂದೆ ಸತ್ತರೆ ಮಗನು ತಲೆ ಬೋಳಿಸಿಕೊಳ್ಳುತ್ತಾನೆ. ಹರಕೆ ಹೊತ್ತವರು ತಿರುಪತಿಗೆ ಹೋಗಿ ಮುಡಿ ಕೊಡುತ್ತಾರೆ. ಸತ್ಯವೇದದಲ್ಲಿಯೂ ಇಂಥಾ ಗುರುತುಗಳು ಅನೇಕ. ಮಕ್ಕಳೆಲ್ಲಾ ಸತ್ತರೆಂಬ ವರ್ತಮಾನ ಬಂದಾಗ ಯೋಬನು ತಲೆ ಬೋಳಿಸಿಕೊಂಡು ನೆಲಕ್ಕೆ ಬಿದ್ದನು. ನಾಜೀರವ್ರತ ಹಿಡಿದವನು ವ್ರತದ ದಿನಗಳು ಮುಗಿಯುವ ತನಕ ತಲೆಗೆ ಕ್ಷೌರಕತ್ತಿಯನ್ನು ಮುಟ್ಟಿಸದೆ, ಮುಗಿದ ದಿನ ಕೂದಲನ್ನು ತೆಗೆಸಿ ಸಮಾಧಾನಯಜ್ಞದ ಕೆಳಗಿನ ಬೆಂಕಿಯಲ್ಲಿ ಹಾಕಬೇಕೆಂದು ಅರಣ್ಯಕಾಂಡದ 6ನೆಯ ಅಧ್ಯಾಯದಲ್ಲಿ ಹೇಳಿದೆ. ಅಪೊಸ್ತಲನಾದ ಪೌಲನೂ ತನಗೊಂದು ಹರಕೆ ಇದ್ದದರಿಂದ ಕೆಂಖ್ರೆಯದಲ್ಲಿ ತಲೆಗೂದಲು ಕತ್ತರಿಸಿಕೊಂಡನೆಂದು ಅಪೊಸ್ತಲರ ಕೃತ್ಯಗಳ 18ನೆಯ ಅಧ್ಯಾಯವು ತಿಳಿಸುತ್ತದೆ.

ಈ ಮೂರು ದೃಷ್ಟಾಂತಗಳಲ್ಲಿ ಒಂದು ಕ್ರಮವನ್ನು ಗಮನಿಸಬೇಕು. ಯೋಬನಿಗೆ ಮೊದಲು ದುಃಖ ಬಂತು, ಆಮೇಲೆ ತಲೆ ಬೋಳಾಯಿತು. ನಾಜೀರನೂ ಪೌಲನೂ ಮೊದಲು ದೇವರಿಗೆ ಮಾತು ಕೊಟ್ಟರು. ಕೂದಲು ಆ ಮಾತನ್ನು ಹಿಂಬಾಲಿಸಿತು. ಕೂದಲು ಸಾಕ್ಷಿಯಂತೆ. ನಡೆದ ಸಂಗತಿಯನ್ನು ಅದು ಹೇಳಬಲ್ಲದೇ ಹೊರತು ನಡೆಯದೆ ಇದ್ದದ್ದನ್ನು ನಡಿಸಲಾರದು. ನ್ಯಾಯಸ್ಥಾನದಲ್ಲಿ ಸಾಕ್ಷಿಯ ಬೆಲೆ ಎರಡು ಸಂಗತಿಗಳ ಮೇಲೆ ನಿಂತದೆ: ಅವನು ಹೇಳುವದು ನಡೆದಿರಬೇಕು, ಮತ್ತು ಅವನು ಯಾರ ಬಲವಂತವೂ ಇಲ್ಲದೆ ಹೇಳಬೇಕು. ಕೂದಲಿನ ಸಾಕ್ಷಿಗೂ ಇವೆರಡೂ ಬೇಕು.

ಮೊದಲನೆಯದನ್ನು ನಮ್ಮ ಹಿರಿಯರ ಚರಿತ್ರೆಯಿಂದಲೇ ಪರೀಕ್ಷಿಸೋಣ. ಪೂರ್ವದಲ್ಲಿ ಕ್ರಿಸ್ತಮಾರ್ಗಕ್ಕೆ ಸೇರಿದ ಗಂಡಸರು ಜುಟ್ಟನ್ನು ಇಟ್ಟುಕೊಳ್ಳಬಹುದೋ ಕೂಡದೋ ಎಂಬ ವಿಷಯದಲ್ಲಿ ದೊಡ್ಡ ವಾದ ನಡೆದಿತ್ತು. ಮಧುರೆಯಲ್ಲಿ ಕೆಲಸ ಮಾಡಿದ ರೋಬೆರ್ಟೋ ದೆ ನೋಬಿಲಿ ಎಂಬ ಇತಾಲ್ಯ ಪಾದ್ರಿಯು, ಜುಟ್ಟೂ ಜನಿವಾರವೂ ಕುಲದ ಗುರುತುಗಳೇ ಹೊರತು ವಿಗ್ರಹಾರಾಧನೆಯಲ್ಲವೆಂದು ವಾದಿಸಿದನು. ರೋಮಿನ ಹದಿನೈದನೆಯ ಗ್ರೆಗರಿ ಪೋಪನು 1623ರಲ್ಲಿ ಕೆಲವು ನಿಬಂಧನೆಗಳೊಂದಿಗೆ ಅವುಗಳಿಗೆ ಅಪ್ಪಣೆ ಕೊಟ್ಟನು. ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣದ ಪ್ರೊಟೆಸ್ಟಂಟ್ ಮಿಶನ್ನುಗಳಲ್ಲಿಯೂ ಇದೇ ಪ್ರಶ್ನೆ ಎದ್ದು, ಅನೇಕ ಬೋಧಕರು ಜುಟ್ಟು ಜಾತಿಯ ಗುರುತಾದದರಿಂದ ಅದು ಹೋಗಲೇಬೇಕೆಂದರು, ಬೇರೆ ಕೆಲವರು ಅದನ್ನು ದೇಶಾಚಾರವೆಂದು ಸಹಿಸಿಕೊಂಡರು.

ಜುಟ್ಟನ್ನು ಕತ್ತರಿಸಿಕೊಂಡವನಿಗೆ ಅದು ಆಟವಾಗಿರಲಿಲ್ಲವೆಂಬದನ್ನು ನಾವು ಮರೆಯಬಾರದು. ಆ ಒಂದು ಹಿಡಿ ಕೂದಲು ಬಿದ್ದೊಡನೆ ತಂದೆಯ ಮನೆಯ ಪಂಕ್ತಿ ತಪ್ಪುತ್ತಿತ್ತು. ಬಾವಿ, ಬೀದಿ, ಬಂಧುಬಳಗ ಎಲ್ಲವೂ ಕೈಬಿಡುತ್ತಿದ್ದವು. ಮನಸ್ಸು ಮೊದಲೇ ತಿರುಗಿದ್ದವನಿಗೆ ಅದು ಸತ್ಯವಾದ ಸಾಕ್ಷಿ. ಆದರೆ ಜುಟ್ಟು ಹೋದರೂ ಜಾತಿ ಹೋಗದೆ ಇದ್ದದ್ದೂ ಉಂಟು. ಕ್ರಾಪು ಬಿಟ್ಟ ತಲೆಗಳು ಒಂದೇ ದೇವಾಲಯದಲ್ಲಿ ಬೇರೆ ಬೇರೆ ಸಾಲುಗಳಲ್ಲಿ ಕುಳಿತವು. ಮದುವೆಯ ಮಾತು ಬಂದಾಗ ಹಳೆಯ ಕುಲವನ್ನೇ ವಿಚಾರಿಸಿದವು. ಇದು ಸತ್ತುಹೋದ ಹಿರಿಯರನ್ನು ಮಾತ್ರ ಕುರಿತು ಹೇಳಿದ ಮಾತೆಂದು ಯಾರೂ ಸುಮ್ಮನಿರಬೇಡಿರಿ. ನಮ್ಮ ಮನೆಗಳಲ್ಲಿ ಇಂದು ಹೆಣ್ಣು ಕೊಡುವಾಗ ಏನು ಕೇಳುತ್ತೇವೆಂಬದು ನಮಗೇ ತಿಳಿದದೆ. ಅಂಥಾ ಕಡೆಯಲ್ಲಿ ಕತ್ತರಿಯು ಜುಟ್ಟನ್ನು ಮುಟ್ಟಿತು, ಬೇರನ್ನು ಮುಟ್ಟಲಿಲ್ಲ. ನಡೆಯದೆ ಇದ್ದ ಸಂಗತಿಗೆ ತಲೆಯು ಸಾಕ್ಷಿ ಹೇಳಿತು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಕೆಲವರು ಮನಸ್ಸು ಬದಲಾಗುವದಕ್ಕೆ ಮುಂಚೆಯೇ, ಅದು ಬದಲಾಗಲಿ ಎಂದು ಹಾರೈಸಿ ತಲೆಯ ರೂಪವನ್ನು ಬದಲಾಯಿಸುತ್ತಾರಲ್ಲಾ, ಅದು ಸುಳ್ಳೋ? ಕುಡಿತವನ್ನು ಬಿಡಬೇಕೆಂದಿರುವವನು ಕೆದರಿದ ಕೂದಲನ್ನು ತೆಗೆಸಿ, ಮುಖ ಕ್ಷೌರ ಮಾಡಿಸಿಕೊಂಡು, ಕನ್ನಡಿಯಲ್ಲಿ ಹೊಸಬನನ್ನು ನೋಡಿ ಧೈರ್ಯ ತಂದುಕೊಳ್ಳುತ್ತಾನೆ. ಇದನ್ನು ಸುಳ್ಳೆಂದು ನಾವು ಹೇಳೆವು. ಮೊಣಕಾಲೂರಿದ ಮಾತ್ರಕ್ಕೆ ಪ್ರಾರ್ಥನೆಯಾಗದು. ಆದರೂ ಮೊಣಕಾಲೂರುವದು ಅಲೆದಾಡುವ ಮನಸ್ಸಿಗೆ ಸಹಾಯಮಾಡುತ್ತದೆ. ಹಾಗೆಯೇ ಬಲಹೀನನಾದವನು ತನ್ನ ತಲೆಯನ್ನು ತನಗೇ ಜ್ಞಾಪಕದ ಗುರುತಾಗಿ ಮಾಡಿಕೊಳ್ಳಬಹುದು. ಅವನು ಮರುದಿನ ಬೆಳಿಗ್ಗೆ ಹೆಂಡದ ಅಂಗಡಿಯ ದಾರಿಯನ್ನು ಬಿಟ್ಟು ನಡೆದರೆ, ಆ ಕ್ಷೌರವು ನಿಜವಾಯಿತು. ಬಿಡದಿದ್ದರೆ ಕೂದಲು ಹದಿನೈದು ದಿವಸದಲ್ಲಿ ತಿರಿಗಿ ಬರುವದು, ಅದಕ್ಕಿಂತ ಮುಂಚೆ ಹಳೆಯ ಮನುಷ್ಯನು ಬರುವನು.

ಎರಡನೆಯ ಮಾತು ಇದಕ್ಕಿಂತಲೂ ಭಾರವಾದದ್ದು: ಬಲವಂತದಿಂದ ಹೇಳಿಸಿದ ಸಾಕ್ಷಿಯು ಸಾಕ್ಷಿಯಲ್ಲ. ನಮ್ಮ ದೇಶದ ಬ್ರಾಹ್ಮಣರಲ್ಲಿಯೂ ಬೇರೆ ಕೆಲವು ಕುಲಗಳಲ್ಲಿಯೂ ಗಂಡನು ಸತ್ತ ಹೆಂಗಸಿನ ತಲೆಯನ್ನು ಬೋಳಿಸುವ ಪದ್ಧತಿ ಬಹುಕಾಲ ನಡೆಯಿತು. ತಲೆ ಬೋಳಿಸಿಕೊಂಡ ಯೋಬನೂ ದುಃಖಿತನೇ, ಆ ವಿಧವೆಯೂ ದುಃಖಿತಳೇ. ಆದರೆ ಯೋಬನು ಎದ್ದು ತಾನೇ ಬೋಳಿಸಿಕೊಂಡನು. ಆ ಹೆಂಗಸನ್ನು, ಕೆಲವೊಮ್ಮೆ ಗಂಡನ ಮುಖವನ್ನೇ ಸರಿಯಾಗಿ ಅರಿಯದ ಹುಡುಗಿಯನ್ನು, ಹಿಡಿದು ಕೂಡ್ರಿಸಿ ಬೋಳಿಸಿದರು. ಒಂದು ದುಃಖದ ಮಾತಾಗಿತ್ತು, ಮತ್ತೊಂದು ದುಃಖದ ಮೇಲೆ ಹಾಕಿದ ಬೀಗವಾಗಿತ್ತು. ಮಲೆನಾಡಿನ ಇಂಥಾ ಒಬ್ಬ ಬಾಲವಿಧವೆಯ ಜೀವಿತವನ್ನು ಎಂ. ಕೆ. ಇಂದಿರಾ ಅವರು 1976ರಲ್ಲಿ ಪ್ರಕಟವಾದ ‘ಫಣಿಯಮ್ಮ’ ಎಂಬ ಕಾದಂಬರಿಯಲ್ಲಿ ಬರೆದಿದ್ದಾರೆ. ತನ್ನ ತಲೆಯನ್ನು ಮಾತಿಲ್ಲದೆ ಒಪ್ಪಿಸಿದ ಆ ಹೆಂಗಸು, ಮುದಿಪ್ರಾಯದಲ್ಲಿ ಇನ್ನೊಬ್ಬ ಎಳೆಯ ವಿಧವೆಯು ತಲೆ ಕೊಡೆನೆಂದು ಹಟ ಹಿಡಿದಾಗ ಅವಳ ಪಕ್ಷವನ್ನೇ ವಹಿಸುತ್ತಾಳೆ. ತಾನು ಪಟ್ಟದ್ದನ್ನು ಮತ್ತೊಬ್ಬಳು ಪಡಲಿ ಎನ್ನದೆ ತನ್ನೊಂದಿಗೆ ಅದು ಮುಗಿಯಲಿ ಎನ್ನುವ ಹೃದಯವು ಅಪರೂಪವಾದದ್ದು.

ಇದು ಒಂದು ದೇಶದ ಅಥವಾ ಒಂದು ಮತದ ದೋಷವೆಂದು ತಿಳಿಯಬಾರದು. ಚೀನಾ ದೇಶವನ್ನು ಗೆದ್ದ ಮಂಚು ಅರಸರು 1645ರಲ್ಲಿ, ಗಂಡಸರೆಲ್ಲರೂ ಮುಂದಲೆಯನ್ನು ಬೋಳಿಸಿ ಹಿಂದೆ ಜಡೆ ಬಿಡಬೇಕೆಂದೂ ತಪ್ಪಿದವರಿಗೆ ಮರಣವೆಂದೂ ಆಜ್ಞೆಮಾಡಿದರು. 1911ರ ಕ್ರಾಂತಿಯಲ್ಲಿ ಆ ಅರಸೊತ್ತಿಗೆಯು ಬೀಳುವ ಹೊತ್ತಿಗೆ, ತಾತಮುತ್ತಾತರ ಕಾಲದಿಂದ ಜಡೆ ಬಿಟ್ಟಿದ್ದ ಹಳ್ಳಿಯವರಿಗೆ ಅದು ಸ್ವಂತದ್ದಾಗಿತ್ತು. ಈಗ ಹೊಸ ಆಳಿಕೆಯ ಸಿಪಾಯಿಗಳು ಪಟ್ಟಣದ ಬಾಗಲುಗಳಲ್ಲಿ ನಿಂತು ಬಂದವರ ಜಡೆಗಳನ್ನು ಹಿಡಿದು ಕತ್ತರಿಸಿದರು. ಕಟ್ಟಿದವರು ಬಲವಂತಮಾಡಿದರು, ಬಿಡಿಸಿದವರೂ ಬಲವಂತಮಾಡಿದರು. ಎರಡು ಸಾರಿಯೂ ತಲೆಯ ಒಡೆಯನನ್ನು ಯಾರೂ ಕೇಳಲಿಲ್ಲ. ಸ್ವಾತಂತ್ರ್ಯದ ಹೆಸರಿನಲ್ಲಿ ಹಿಡಿದ ಕತ್ತರಿಯೂ ಕತ್ತರಿಯೇ. ದೀಕ್ಷಾಸ್ನಾನಕ್ಕೆ ಬಂದವನ ಜುಟ್ಟನ್ನು ಅವನ ಮನಸ್ಸನ್ನು ವಿಚಾರಿಸದೆ ಕತ್ತರಿಸಿದ ಕೈಗಳು ಎಲ್ಲಿಯಾದರೂ ಇದ್ದರೆ, ಅವುಗಳನ್ನೂ ಈ ಲೆಕ್ಕಕ್ಕೆ ಸೇರಿಸುವದು ನ್ಯಾಯ.

ಹಾಗಾದರೆ ಕೊರಿಂಥದವರಿಗೆ ಬರೆದ ಮಾತು ಏನಾಯಿತೆಂದು ಕೆಲವರು ಕೇಳುವರು. ಅದನ್ನು ನಾವು ಅಳಿಸಿಹಾಕುವವರಲ್ಲ. ಪೌಲನು ಆ ಪತ್ರಿಕೆಯಲ್ಲಿ ಆರಾಧನೆಯಲ್ಲಿರಬೇಕಾದ ಕ್ರಮವನ್ನೂ ಮರ್ಯಾದೆಯನ್ನೂ ಕುರಿತು ಬರೆದನು. ಉದ್ದ ಕೂದಲು ಸ್ತ್ರೀಗೆ ಗೌರವವೆಂದೂ ಹೇಳಿದನು. ಗೌರವವಾದದ್ದನ್ನು ಒಬ್ಬಳು ತೆಗೆದಿಟ್ಟಳೆಂದರೆ, ಅದಕ್ಕೆ ತಕ್ಕ ಭಾರವಾದ ಕಾರಣ ಇರಬಹುದೆಂದು ಮೊದಲು ಯೋಚಿಸಬೇಕಾದವರು ಆ ಪತ್ರಿಕೆಯನ್ನು ಓದುವ ನಾವೇ. ಅದೇ ಪತ್ರಿಕೆಯ 13ನೆಯ ಅಧ್ಯಾಯದಲ್ಲಿ ಪೌಲನು ಪ್ರೀತಿಯ ವಿಷಯವಾಗಿ ಬರೆದದ್ದನ್ನು ಬಿಟ್ಟು 11ನೆಯದನ್ನು ಮಾತ್ರ ಬಾಗಲಲ್ಲಿ ನಿಂತು ನುಡಿಯುವದು, ದೇವರ ವಾಕ್ಯವನ್ನೇ ಕ್ಷೌರಕತ್ತಿಯಾಗಿ ಮಾಡುವದಾಗಿದೆ. ನಾವು ಆ ದಿನ ಮಾಡಿದ್ದು ಅದನ್ನೇ.

ಈಗ ಆ ಯೌವನಸ್ಥಳ ಸಂಗತಿಗೆ ಬರುವೆವು. ಮೂರನೆಯ ವಾರ ನಾವು ಅವಳ ಮನೆಗೆ ಹೋದೆವು. ಅವಳು ಹೊಲಕ್ಕೆ ಹೋಗಿದ್ದಳು. ಅಜ್ಜಿಯು ಜಗಲಿಯ ಮೇಲೆ ಕಾಳು ಹಸನುಮಾಡುತ್ತಿದ್ದಳು. ನಾವು ಕೇಳುವದಕ್ಕೆ ಮುಂಚೆಯೇ ಅವಳು ಹೇಳಿದಳು: “ಅಯ್ಯನವರೇ, ಹುಟ್ಟಿದಾಗಿನಿಂದ ಅದರ ತಲೆ ಬಾಚಿದವಳು ಅದರ ಅವ್ವ. ದಿನಾ ಬೆಳಿಗ್ಗೆ ಈ ಕಂಬಕ್ಕೆ ಒರಗಿ ಕುಂತು ಜಡೆ ಹಾಕೋಳು. ಬೇನೆಯಲ್ಲಿ ಕೈ ನಡುಗುವಾಗಲೂ ಹಾಕಿದಳು. ಅವಳು ಹೋದ ಮೇಲೆ ನಾನು ಬಾಚಲು ಹೋದೆ. ನನಗೆ ಕಣ್ಣು ಕಾಣಿಸದು. ಹುಡುಗಿ ತಾನೇ ಹೆಣೆಯಲು ಕುಂತು, ಅರ್ಧಕ್ಕೆ ಕೈಬಿಟ್ಟು ಅಳೋದು. ಎರಡು ತಿಂಗಳು ಹಾಗೇ ಆಯಿತು. ಒಂದು ದಿನ ಕತ್ತರಿಸಿ, ಆ ಜಡೆಯನ್ನು ಅವ್ವನ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟಳು. ಅಂದಿನಿಂದ ಉಂಡಳು. ಭಾನುವಾರ ದೇವಾಲಯಕ್ಕೆ ಹೋಗುತ್ತೇನಜ್ಜೀ ಎಂದಳು.”

ಪ್ರಿಯರೇ, ತಾಯಿ ಹೋದ ಮೇಲೆ ಕೇಳುವವರಿಲ್ಲವೆಂದು ಬಾಗಲಲ್ಲಿ ಹೇಳಿದ್ದರಲ್ಲವೇ? ಆ ಮಾತು ನಿಜವೇ ಆಗಿತ್ತು. ಯಾಕೆ ಹೀಗೆ ಮಾಡಿದೆ ಮಗಳೇ ಎಂದು ಅವಳನ್ನು ಕೇಳುವವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಅವಳ ತಲೆಯು ಸತ್ಯವಾದ ಸಾಕ್ಷಿಯನ್ನು ಹೇಳುತ್ತಿತ್ತು. ನಾವು ವಿಚಾರಣೆಯಿಲ್ಲದೆ ತೀರ್ಪು ಕೊಟ್ಟೆವು. ಅವಳು ಹೊಲದಿಂದ ಬಂದ ಮೇಲೆ ನಾವು ತಪ್ಪನ್ನು ಒಪ್ಪಿಕೊಂಡೆವು. ಅವಳು ಏನೂ ಹೇಳದೆ ಒಳಗೆ ಹೋಗಿ ನಮಗೆ ಮಜ್ಜಿಗೆ ತಂದುಕೊಟ್ಟಳು. ದೇವಾಲಯಕ್ಕೆ ಬರುವದಕ್ಕೆ ಅವಳಿಗೆ ಇನ್ನೂ ನಾಲ್ಕು ತಿಂಗಳು ಹಿಡಿಯಿತು.

ದಾವೀದನ ಸೇವಕರನ್ನು ಅಮ್ಮೋನಿಯರ ಅರಸನಾದ ಹಾನೂನನು ಹಿಡಿದು, ಅರ್ಧ ಗಡ್ಡ ಬೋಳಿಸಿ, ಅವಮಾನಪಡಿಸಿ ಕಳುಹಿಸಿದ ಸಂಗತಿಯನ್ನು ಎರಡನೆಯ ಸಮುವೇಲ ಗ್ರಂಥದ 10ನೆಯ ಅಧ್ಯಾಯದಲ್ಲಿ ಓದುತ್ತೇವೆ. ದಾವೀದನು ಅವರನ್ನು ಹಾಗೆಯೇ ಯೆರೂಸಲೇಮಿನ ಬೀದಿಗಳಲ್ಲಿ ಬರಮಾಡಿಕೊಳ್ಳಲಿಲ್ಲ. ಗಡ್ಡ ಬೆಳೆಯುವ ತನಕ ಯೆರಿಕೋವಿನಲ್ಲಿದ್ದು ಆಮೇಲೆ ಬರಬಹುದೆಂದು ಹೇಳಿ ಕಳುಹಿಸಿದನು. ಕೂದಲಿಗೆ ಬೆಳೆಯುವದಕ್ಕೆ ಕಾಲ ಬೇಕು, ಮನುಷ್ಯನ ಮನಸ್ಸಿಗೆ ಅದಕ್ಕಿಂತಲೂ ಹೆಚ್ಚು ಕಾಲ ಬೇಕೆಂಬದನ್ನು ಆ ಅರಸನು ಅರಿತಿದ್ದನು.

ನಮ್ಮ ಒಂದೊಂದು ಸಭೆಯೂ ಇಂಥಾ ಯೆರಿಕೋ ಆಗಬೇಕು. ಒಬ್ಬ ಹುಡುಗನು ಕೂದಲು ಬೆಳಿಸಿಕೊಂಡು ಬಂದಾನು. ಒಬ್ಬ ತಾಯಿ ಬೇನೆಯ ಔಷಧದಿಂದ ಕೂದಲು ಉದುರಿ, ಸೆರಗನ್ನು ತಲೆಗೆ ಬಿಗಿದುಕೊಂಡು ಬಂದಾಳು. ಒಬ್ಬನು ಹಳೆಯ ಬಾಳನ್ನು ಬಿಟ್ಟೆನೆಂದು ತಲೆ ಬೋಳಿಸಿಕೊಂಡು ಬಂದಾನು. ಅವರ ತಲೆಯನ್ನು ಕಂಡಾಗ ನಾಲಿಗೆಯನ್ನು ಸ್ವಲ್ಪ ಹೊತ್ತು ತಡೆದು, ಪಕ್ಕದಲ್ಲಿ ಕುಳಿತುಕೊಳ್ಳುವದಕ್ಕೆ ಚಾಪೆಯ ಮೇಲೆ ಜಾಗ ಬಿಡೋಣ. ಹೇಳಬೇಕೆಂದಿದ್ದರೆ ಅವರೇ ಹೇಳುವರು. ನಮ್ಮ ತಲೆಗೂದಲುಗಳನ್ನೆಲ್ಲಾ ಎಣಿಸಿರುವಾತನಿಗೆ ಕತ್ತರಿಸಿಬಿದ್ದವುಗಳ ಲೆಕ್ಕವೂ ಅವುಗಳ ಕಾರಣವೂ ಗೊತ್ತುಂಟು.