ಮೊಸರಿನಲ್ಲಿ ಕಲ್ಲು

ಮೊಸರಿನಲ್ಲಿ ಕಲ್ಲು ಹುಡುಕುವವರನ್ನು ಯಾರೂ ಮೆಚ್ಚುವುದಿಲ್ಲ. ಮದುವೆಯ ಊಟದಲ್ಲಿ ಸಾರಿಗೆ ಉಪ್ಪು ಕಡಿಮೆಯೆನ್ನುವ ನೆಂಟ, ಗೃಹಪ್ರವೇಶಕ್ಕೆ ಬಂದು ಬಾಗಿಲು ಓರೆಯಾಗಿದೆಯೆನ್ನುವ ನೆರೆಯವ, ಇಂಥವರು ಹೇಳುವುದು ನಿಜವೇ ಆದರೂ ಆ ನಿಜ ನಮಗೆ ಬೇಡ. ಆದರೆ ಮೊಸರಿನಲ್ಲಿ ಕಲ್ಲು ಹುಡುಕುವುದನ್ನೇ ಹೊಟ್ಟೆಪಾಡು ಮಾಡಿಕೊಂಡವರೂ ಈಗ ನಮ್ಮ ನಡುವೆ ಇದ್ದಾರೆ. ಅವರಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳೂ ಸೇರಿದ್ದಾಳೆ. ತಪ್ಪು ಹುಡುಕುವುದು ಗುಣವೋ ಅವಗುಣವೋ ಎಂಬ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ಅವಳ ಮಾತು ಕೇಳಿದ ಮೇಲೆ.

ಆಕೆ ಭಾಲ್ಕಿಯ ಕಡೆಯ ಹಳ್ಳಿಯವಳು. ಪದವಿಯಲ್ಲಿ ನನ್ನಲ್ಲಿ ಕನ್ನಡ ಓದಿ, ಆಮೇಲೆ ಕಂಪ್ಯೂಟರ್ ವಿದ್ಯೆ ಕಲಿತು, ಹೈದರಾಬಾದಿನಲ್ಲಿ ಒಂದು ಕಂಪನಿ ಸೇರಿದಳು. ಅವಳದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಬೇರೊಬ್ಬರು ಬರೆದ ಪ್ರೋಗ್ರಾಮನ್ನು ಜನರ ಕೈಗೆ ಕೊಡುವ ಮುನ್ನ ನಾನಾ ಬಗೆಯಲ್ಲಿ ನಡೆಸಿ ನೋಡುವುದು, ಅದು ಎಲ್ಲಿ ಎಡವುತ್ತದೆಂದು ಬರೆದು ಕೊಡುವುದು. ಕಳೆದ ದೀಪಾವಳಿಯ ರಜೆಯಲ್ಲಿ ಬೀದರಿಗೆ ಬಂದವಳು ನಮ್ಮ ಮನೆಗೂ ಬಂದಳು. ಸಂಜೆ ನಾನು, ನನ್ನ ಹೆಂಡತಿ, ಅವಳು ಅಷ್ಟೂರಿನ ಕಡೆ ಹೊರಟೆವು.

ಅಷ್ಟೂರ ಊರಿನಿಂದ ಬಹಳ ದೂರವಿಲ್ಲ. ಬಹಮನಿ ಸುಲ್ತಾನರ ಗೋರಿಗಳು ಅಲ್ಲಿ ಸಾಲಾಗಿ ನಿಂತಿವೆ. ೧೪೩೬ರಲ್ಲಿ ತೀರಿಕೊಂಡ ಅಹ್ಮದ್ ಶಾಹ ವಲಿಯ ಗೋರಿಯೊಳಗಿನ ಬಣ್ಣದ ಚಿತ್ತಾರ ನೋಡಲು ಜನ ದೂರದಿಂದ ಬರುತ್ತಾರೆ; ಅವನ ಉರುಸಿಗೆ ಹಿಂದೂಗಳೂ ಮುಸಲ್ಮಾನರೂ ಕೂಡುತ್ತಾರೆ. ಅದೇ ಸಾಲಿನಲ್ಲಿ, ೧೪೬೧ರಲ್ಲಿ ಸತ್ತ ಹುಮಾಯೂನನ ಗೋರಿ ಮಾತ್ರ ಸೀಳಿದ ಹಣ್ಣಿನಂತೆ ಅರ್ಧ ಬಿದ್ದುಹೋಗಿದೆ. ಸಿಡಿಲು ಬಡಿಯಿತೆಂದು ಜನ ಹೇಳುತ್ತಾರೆ. ಗುಮ್ಮಟದ ಒಳಮೈ, ಗೋಡೆಯ ದಪ್ಪ, ಇಟ್ಟ ಇಟ್ಟಿಗೆ ಎಲ್ಲವೂ ಅಲ್ಲಿ ಹೊರಗೆ ಕಾಣುತ್ತವೆ. ಹುಡುಗಿ ಅದನ್ನೇ ಬಹಳ ಹೊತ್ತು ನೋಡುತ್ತ ನಿಂತಳು. “ನಮ್ಮ ಕೆಲಸ ಇದೇ ನೋಡ್ರಿ ಸರ್. ಬೀಳೋಕಿಂತ ಮೊದಲ ಒಳಗ ಏನದ ಅಂತ ನೋಡೋದು” ಎಂದಳು.

“ಬರೆದವರಿಗೆ ಸಿಟ್ಟು ಬರುವುದಿಲ್ಲವೇನವ್ವಾ?” ಎಂದು ಕೇಳಿದೆ.

“ಬರ್ತದ್ರಿ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ನೀವೇ ಕಲಿಸೀರಲ್ರಿ” ಎಂದು ನಕ್ಕಳು.

ಮೊದಲ ತಿಂಗಳುಗಳಲ್ಲಿ ಅವಳು ‘ಇದು ಸರಿಯಿಲ್ಲ’, ‘ಇದು ನಡೆಯುವುದಿಲ್ಲ’ ಎಂದಷ್ಟೇ ಬರೆದು ಕಳಿಸುತ್ತಿದ್ದಳಂತೆ. ಅವಳ ಮೇಲಿನವರು ಅದನ್ನು ಹಾಗೆಯೇ ಹಿಂದಿರುಗಿಸುತ್ತಿದ್ದರು. ಬರೆಯಬೇಕಾದದ್ದು ಮೂರೇ ಸಂಗತಿ: ನಾನು ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು. ಇನ್ನೊಬ್ಬರು ಅದೇ ಹೆಜ್ಜೆಯಲ್ಲಿ ನಡೆದರೆ ಅವರೂ ಅಲ್ಲೇ ಎಡವಬೇಕು. ಬರೆದವನು ಜಾಣನೋ ದಡ್ಡನೋ ಎಂಬ ಮಾತಿಗೆ ಅಲ್ಲಿ ಎಡೆಯಿಲ್ಲ. ಇಷ್ಟು ಕಲಿಯಲು ಅವಳಿಗೆ ಆರು ತಿಂಗಳು ಹಿಡಿಯಿತು.

ಎಲ್ಲಿ ಹುಡುಕಬೇಕೆಂಬುದನ್ನು ಮಾತ್ರ ಯಾವ ಪುಸ್ತಕವೂ ಪೂರ್ತಿ ಹೇಳಿಕೊಡುವುದಿಲ್ಲ. ನಮ್ಮ ಬಿದರಿ ಕೆಲಸಗಾರರು ಕೋಟೆಯ ಹಳೆಯ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡುತ್ತಾರೆ. ಪಾತ್ರೆಯನ್ನು ಕಪ್ಪಾಗಿಸುವ ಗುಣ ಅದರಲ್ಲಿ ಇದೆಯೋ ಇಲ್ಲವೋ ಅವರ ನಾಲಿಗೆಗೆ ಗೊತ್ತು. ಈ ಹುಡುಗಿಯ ವಿದ್ಯೆಯೂ ಕೊಂಚ ಹಾಗೆಯೇ, ಬದುಕಿನಿಂದ ಬಂದದ್ದು. ಒಮ್ಮೆ ಸಾಲದ ಅರ್ಜಿಯ ಪ್ರೋಗ್ರಾಮೊಂದು ಅವಳ ಪರೀಕ್ಷೆಗೆ ಬಂದಿತ್ತು. ಅವಳು ತನ್ನ ತಾಯಿಯ ಹೆಸರು ಹಾಕಿ ನೋಡಿದಳು. ತಾಯಿಗೆ ಅಡ್ಡಹೆಸರಿಲ್ಲ, ಒಂದೇ ಹೆಸರು. ಯಂತ್ರ ಒಪ್ಪಲಿಲ್ಲ, ಅರ್ಜಿ ಮುಂದಕ್ಕೆ ಹೋಗಲಿಲ್ಲ. ಬರೆದ ತರುಣ, “ಅಡ್ಡಹೆಸರಿಲ್ಲದವರು ಯಾರಿದ್ದಾರೆ?” ಎಂದನಂತೆ. “ನಮ್ಮ ಅವ್ವ ಇದ್ದಾಳೆ” ಎಂದಳಂತೆ ಇವಳು. ಆ ಕೋಣೆಯಲ್ಲಿದ್ದವರಲ್ಲಿ ಅಂಥ ತಾಯಿಯ ನೆನಪು ಬಂದದ್ದು ಇವಳೊಬ್ಬಳಿಗೇ.

ಕೆಲಸ ಒಪ್ಪಿಸಬೇಕಾದ ದಿನ ಮರುದಿನವೇ ಇತ್ತು. ಇಂಥ ಸಮಯದಲ್ಲಿ ಕಂಡ ತಪ್ಪನ್ನು ಹೇಳುವವರು ಎಲ್ಲರಿಗೂ ವೈರಿ. ಸುಮ್ಮನಿದ್ದರೆ ಯಾರೂ ಕೇಳುವವರಿರಲಿಲ್ಲ. ಅವಳು ಬರೆದಳು. ಬೈಸಿಕೊಂಡಳು. ಪ್ರೋಗ್ರಾಮು ಹಾಗೆಯೇ ಜನರ ಕೈ ಸೇರಿತು. ಎರಡು ತಿಂಗಳ ಮೇಲೆ, ಅವಳು ಬರೆದಿಟ್ಟ ಚೀಟಿಯನ್ನು ಹುಡುಕಿ ತೆಗೆದು ತಿದ್ದಿದರು. ಆ ಎರಡು ತಿಂಗಳಲ್ಲಿ ಎಷ್ಟು ತಾಯಂದಿರು ತಮ್ಮ ಹೆಸರೇ ತಪ್ಪೆಂದುಕೊಂಡು ಬರಿಗೈಯಲ್ಲಿ ಮನೆಗೆ ಹಿಂದಿರುಗಿದರೋ ಎಂಬುದು ಅವಳ ಸಂಕಟ.

ಸಣ್ಣ ಮಾತೆಂದು ತೋರಬಹುದು. ಬ್ರಿಟನ್ನಿನ ಅಂಚೆ ಕಚೇರಿಗಳ ಕಥೆ ಹೀಗೆಯೇ ಸಣ್ಣದಾಗಿ ಆರಂಭವಾಯಿತು. ೧೯೯೯ರಿಂದ ಅಲ್ಲಿ ‘ಹೊರೈಜನ್’ ಎಂಬ ಲೆಕ್ಕದ ಸಾಫ್ಟ್‌ವೇರ್ ಬಂತು. ಅದರ ದೋಷದಿಂದ, ಖರ್ಚಾಗದ ಹಣ ಲೆಕ್ಕದಲ್ಲಿ ಕಡಿಮೆಯೆಂದು ತೋರುತ್ತಿತ್ತು. ಯಂತ್ರ ತಪ್ಪಲಾರದೆಂದು ಮೇಲಿನವರು ನಂಬಿದರು; ಕಳ್ಳತನದ ಆರೋಪ ಹಳ್ಳಿಪಟ್ಟಣಗಳ ಬಡ ಪೋಸ್ಟ್ ಮಾಸ್ತರರ ತಲೆಗೆ ಬಿತ್ತು. ೨೦೧೫ರವರೆಗೆ ೯೦೦ಕ್ಕೂ ಹೆಚ್ಚು ಮಂದಿ ಅಪರಾಧಿಗಳೆನಿಸಿಕೊಂಡರು. ಕೆಲವರು ಸೆರೆಮನೆ ಕಂಡರು, ಕೆಲವರು ಮನೆ ಮಾರಾಟ ಮಾಡಿಕೊಂಡರು. ಇಂಥ ತೊಂದರೆ ನಿಮಗೊಬ್ಬರಿಗೇ ಎಂದು ಅವರಲ್ಲಿ ಅನೇಕರಿಗೆ ಹೇಳಲಾಗಿತ್ತು. ೨೦೨೪ರಲ್ಲಿ ಪಾರ್ಲಿಮೆಂಟು ಕಾನೂನು ಮಾಡಿ ಆ ಕಳಂಕವನ್ನು ತೊಳೆಯಬೇಕಾಯಿತು. ಅಷ್ಟರೊಳಗೆ ಕೆಲವರು ಸತ್ತೇಹೋಗಿದ್ದರು. ಹೇಳದೆ ಬಿಟ್ಟ ತಪ್ಪು ತನ್ನಷ್ಟಕ್ಕೆ ತಾನು ಇಲ್ಲವಾಗುವುದಿಲ್ಲ. ಅದು ಇಳಿಯುತ್ತ ಇಳಿಯುತ್ತ, ಎದುರು ಮಾತಾಡಲಾರದವನ ಹೆಗಲ ಮೇಲೆ ಹೋಗಿ ಕೂರುತ್ತದೆ.

ಹಾಗಾದರೆ ತಪ್ಪು ಹುಡುಕುವುದೆಲ್ಲ ಧರ್ಮವೆ? ಇಲ್ಲಿ ನನ್ನದೇ ಒಂದು ಮಾತು ಹೇಳಬೇಕು. ಇಪ್ಪತ್ತು ವರ್ಷ ಉತ್ತರಪತ್ರಿಕೆ ತಿದ್ದಿದ್ದೇನೆ. ಕೆಂಪು ಮಸಿಯ ಸುಖ ಬಲ್ಲವನು. ಹಿಂದೊಮ್ಮೆ ಔರಾದ ಕಡೆಯ ಹುಡುಗನೊಬ್ಬ ತನ್ನ ಮನೆಮಾತಿನ ಕನ್ನಡದಲ್ಲೇ ಉತ್ತರ ಬರೆದಿದ್ದ. ಅದನ್ನು ತರಗತಿಯಲ್ಲಿ ಎತ್ತಿ ಓದಿದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ತಿದ್ದಿದ್ದು ತಪ್ಪಲ್ಲ, ಅವನ ಕಾಗುಣಿತ ನಿಜವಾಗಿಯೂ ಕೆಟ್ಟಿತ್ತು. ಆದರೆ ಆ ವರ್ಷವೆಲ್ಲ ಅವನು ನನಗೆ ಒಂದು ಸಾಲನ್ನೂ ಬರೆದು ತೋರಿಸಲಿಲ್ಲ. ಅಂದು ನಾನು ಹುಡುಕಿದ್ದು ಕಾಗುಣಿತದ ತಪ್ಪನ್ನಲ್ಲ, ನನ್ನ ದೊಡ್ಡಸ್ತಿಕೆಯನ್ನು ಎಂದು ಈಗ ತೋರುತ್ತದೆ.

ಎರಡಕ್ಕೂ ಅಂತರವಿರುವುದು ಇಲ್ಲಿಯೇ. ಹುಡುಗಿ ತಪ್ಪು ಹುಡುಕುವಾಗ ಅವಳ ಕಣ್ಣ ಮುಂದೆ ಇದ್ದದ್ದು, ಆ ಕೋಣೆಯಲ್ಲಿಲ್ಲದ ತಾಯಿ. ನನ್ನ ಕಣ್ಣ ಮುಂದೆ ಇದ್ದದ್ದು ನಾನೇ. ಕಲ್ಲನ್ನು ಹುಡುಕುವುದು ಮೊಸರು ಉಣ್ಣುವವರ ಹಲ್ಲಿಗಾಗಿಯೋ, ಮೊಸರು ಹೆಪ್ಪು ಹಾಕಿದವಳನ್ನು ಹೀಗಳೆಯುವುದಕ್ಕಾಗಿಯೋ ಎಂದು ಕೇಳಿಕೊಂಡರೆ ನಮ್ಮ ಬಹುಪಾಲು ವಿಮರ್ಶೆಯ ಬಣ್ಣ ಬಯಲಾಗುತ್ತದೆ.

ಹಿಂದಿರುಗುವಾಗ ಅವಳನ್ನು ಕೇಳಿದೆ: “ಎಲ್ಲ ಪರೀಕ್ಷೆ ಮುಗಿದ ಮೇಲೆ, ಇನ್ನು ದೋಷವಿಲ್ಲ ಎಂದು ಬರೆಯುತ್ತೀಯಾ?”

“ಹಾಂಗ ಬರಿಯೋಕ ಬರಂಗಿಲ್ರಿ ಸರ್. ನಾ ನೋಡಿದ್ರಾಗ ಇಷ್ಟು ಸಿಕ್ಕದ ಅಂತ ಅಷ್ಟೇ ಬರಿಬೇಕು.”

ಡಚ್ಚರ ಗಣಕ ವಿದ್ವಾಂಸ ಡೈಕ್‌ಸ್ಟ್ರ ಅರ್ಧ ಶತಮಾನಕ್ಕೂ ಹಿಂದೆ ತೋರಿಸಿಕೊಟ್ಟದ್ದೂ ಇದನ್ನೇ: ಪರೀಕ್ಷೆಯಿಂದ ದೋಷವುಂಟೆಂದು ತಿಳಿಯಬಹುದು, ದೋಷವೇ ಇಲ್ಲವೆಂದು ತಿಳಿಯಲಾಗದು. ಮನುಷ್ಯರ ವಿಷಯದಲ್ಲಿ ತೀರ್ಪು ಕೊಡುವ ನಾವು ಇಷ್ಟು ವಿನಯದಿಂದ ಮಾತಾಡುವುದು ಅಪರೂಪ.

ಈ ಸಲ ಉತ್ತರಪತ್ರಿಕೆಗಳ ಕಟ್ಟು ಬಂದಾಗ ಒಂದು ಪ್ರಯೋಗ ಮಾಡಿದೆ. ‘ಅಸಂಬದ್ಧ’ ಎಂದು ಗೀಚುತ್ತಿದ್ದ ಕಡೆಯಲ್ಲಿ, ಏನು ಬರೆಯಬೇಕಿತ್ತು, ಏನು ಬರೆದಿದ್ದಾರೆ ಎಂದು ಒಂದೊಂದು ಸಾಲು ಬರೆದೆ. ಎರಡರಷ್ಟು ಹೊತ್ತು ಹಿಡಿಯಿತು, ಕೈ ನೋಯಿತು. ಔರಾದ ಕಡೆಯ ಆ ಹುಡುಗನಿಗೆ ಇದರಿಂದ ಏನೂ ಆಗಲಿಲ್ಲ. ಅವನು ಈಗ ಎಲ್ಲಿದ್ದಾನೆಂದೂ ನನಗೆ ತಿಳಿಯದು.

ಈ ಬರಹದಲ್ಲೂ ಕಲ್ಲುಗಳಿರಬಹುದು. ಕಂಡ ವಾಚಕರು ಎಲ್ಲಿವೆಯೆಂದು ತಿಳಿಸಿದರೆ ಉಪಕಾರವಾಗುತ್ತದೆ. ಬರೆದವನು ಎಂಥವನೆಂಬ ಮಾತನ್ನು ಮಾತ್ರ ಬಿಟ್ಟುಬಿಡಬಹುದು.